ಕೌಂಟ್ ಏರಿದರೂ ಜ್ವರ ಬಿಡದಿದ್ದಾಗ

ಉಂಡು, ಆಡಿ, ಶಾಲೆಗೆ ಹೋಗಿ ಬರುವ ಆರೋಗ್ಯವಂತ ಮಗುವಿನ ಯಕೃತ್ತಿಗೆ ಫಂಗಸ್ ಸೋಂಕು ತಗಲುವುದು ತೀರಾ ಅಪರೂಪ. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಏಕೆಂದರೆ 2021ರಲ್ಲಿ ಕೋವಿಡ್ಡಿನ ಬೆನ್ನಿಗೇ ಬಂದ ಬ್ಲ್ಯಾಕ್ ಫಂಗಸ್ಸಿನ ಸುದ್ದಿ ಕೇಳಿದ ಮೇಲೆ ಫಂಗಸ್ ಅಂದರೆ ಸಾಕು, ಮನೆಮಂದಿಯೆಲ್ಲ ಬೆಚ್ಚಿಬೀಳುತ್ತಾರೆ. ಇಲ್ಲಿ ಹೇಳಹೊರಟಿರುವ ಕಾಯಿಲೆ ಅದಲ್ಲ. ಇದು ಮುಖ್ಯವಾಗಿ ಬ್ಲಡ್ ಕ್ಯಾನ್ಸರಿಗೆ ಕೀಮೋ ಪಡೆಯುತ್ತಿರುವ ಮಕ್ಕಳಲ್ಲಿ, ಕ್ಯಾಂಡಿಡಾ ಎಂಬ ಫಂಗಸ್ಸಿನಿಂದ, ಯಕೃತ್ತಿಗೂ ಗುಲ್ಮಕ್ಕೂ ಆಗುವ ಸೋಂಕು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಮಗುವನ್ನು ಎತ್ತಿಕೊಂಡು ವಿಜಯಪುರ, ಹುಬ್ಬಳ್ಳಿ, ಸೊಲ್ಲಾಪುರ, ಕೊನೆಗೆ ಬೆಂಗಳೂರಿನ ಕಿದ್ವಾಯಿ ಎಂದು ಅಲೆಯುವ ತಂದೆತಾಯಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅವರ ಕೈಯಲ್ಲಿ ರಿಪೋರ್ಟುಗಳ ದಪ್ಪ ಫೈಲು ಇರುತ್ತದೆ. ಅದರಲ್ಲಿ ಏನಿದೆ ಎಂದು ಕೂತು ಹೇಳುವವರು ಕಡಿಮೆ.

ಕ್ಯಾಂಡಿಡಾ ಹೊರಗಿನಿಂದ ಬಂದು ಸೇರಿಕೊಳ್ಳುವಂಥದ್ದಲ್ಲ. ನಮ್ಮಲ್ಲಿ ಬಹಳ ಜನರ ಬಾಯಿ, ಕರುಳು, ಚರ್ಮದಲ್ಲಿ ಅದು ಮೊದಲೇ ಇರುತ್ತದೆ. ಎಳೆಗೂಸಿನ ನಾಲಿಗೆಯ ಮೇಲೆ ಹಾಲಿನ ಕೆನೆಯಂತೆ ಅಂಟಿಕೊಳ್ಳುವ ಬಿಳಿ ಪದರ ಅದರದೇ. ಅದು ಕರುಳನ್ನು ದಾಟಿ ರಕ್ತಕ್ಕೆ ಇಳಿಯದಂತೆ ಕಾಯುವವರು ಇಬ್ಬರು: ಕರುಳಿನ ಒಳಪದರ, ಮತ್ತು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ. ಕೀಮೋ ಕೊಟ್ಟಾಗ ಎರಡಕ್ಕೂ ಒಟ್ಟಿಗೇ ಪೆಟ್ಟು ಬೀಳುತ್ತದೆ. ಬಾಯಿಯಲ್ಲಿ ಹುಣ್ಣು ಎದ್ದಿದ್ದು ನಿಮಗೆ ಕಾಣುತ್ತದೆ, ಅದೇ ಹೊತ್ತಿಗೆ ಕರುಳಿನ ಒಳಗೂ ಪದರ ಕಿತ್ತುಹೋಗಿರುತ್ತದೆ. ಜ್ವರಕ್ಕೆಂದು ಕೊಡುವ ಆಂಟಿಬಯಾಟಿಕ್ ಕರುಳಿನ ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದರಿಂದ ಫಂಗಸ್ಸಿಗೆ ಇನ್ನಷ್ಟು ಜಾಗ ಸಿಗುತ್ತದೆ. ಹಾಗೆಂದು ಆಂಟಿಬಯಾಟಿಕ್ ಬೇಡವೆನ್ನುವಂತಿಲ್ಲ, ಆ ಹೊತ್ತಿನಲ್ಲಿ ಮಗುವಿನ ಜೀವ ಉಳಿಸುವುದು ಅದೇ.

ಕರುಳಿನಿಂದ ಹೊರಟ ರಕ್ತ ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ. ಒಂದು ದೊಡ್ಡ ರಕ್ತನಾಳದ ಮೂಲಕ ಮೊದಲು ಯಕೃತ್ತಿಗೆ ಹೋಗಿ, ಅಲ್ಲಿ ಸೋಸಿಕೊಂಡು ಮುಂದೆ ಸಾಗುತ್ತದೆ. ಕರುಳು ದಾಟಿದ ಕ್ಯಾಂಡಿಡಾ ಯಕೃತ್ತಿನಲ್ಲೇ ಬೀಡುಬಿಡುವುದು ಈ ಕಾರಣಕ್ಕೆ.

ಫೈಲಿನಲ್ಲಿ ಎಎನ್‌ಸಿ ಎಂದು ಬರೆದಿರುವುದು ನ್ಯೂಟ್ರೋಫಿಲ್ ಲೆಕ್ಕ. ಸಾಮಾನ್ಯವಾಗಿ ಅದು 1,500ಕ್ಕಿಂತ ಮೇಲಿರಬೇಕು. 500ಕ್ಕಿಂತ ಕೆಳಗಿಳಿದರೆ ಅಪಾಯ, 100ಕ್ಕಿಂತ ಕೆಳಗಿಳಿದು ಹತ್ತು ದಿನಕ್ಕೂ ಹೆಚ್ಚು ಅಲ್ಲೇ ನಿಂತರೆ ಫಂಗಸ್ಸಿನ ಭಯ ಜೋರು. ಚಿಕಿತ್ಸೆಯ ಮೊದಲ ಹಂತ, ಅಂದರೆ ಸ್ಟೀರಾಯ್ಡ್ ಮಾತ್ರೆಯೂ ವಿನ್‌ಕ್ರಿಸ್ಟೀನ್ ಇಂಜೆಕ್ಷನ್ನೂ ನಡೆಯುವ ಆ ಮೊದಲ ನಾಲ್ಕೈದು ವಾರ, ಇದಕ್ಕೆ ಹೆಸರಾದ ಕಾಲ. ಎಎಂಎಲ್ ಎಂಬ ಬಗೆಯ ಬ್ಲಡ್ ಕ್ಯಾನ್ಸರಿನಲ್ಲಿ ಕೌಂಟ್ ಇನ್ನೂ ಹೆಚ್ಚು ದಿನ ತಳದಲ್ಲಿರುವುದರಿಂದ ಅಲ್ಲಿ ಭಯ ಇನ್ನೂ ಹೆಚ್ಚು.

ಈಗ ಪೋಷಕರು ಹೆಚ್ಚಾಗಿ ಗೊಂದಲಕ್ಕೆ ಬೀಳುವ ಸಂಗತಿಗೆ ಬರೋಣ. ಕೌಂಟ್ ಬಿದ್ದಾಗ ಜ್ವರ ಬಂತು, ಆಸ್ಪತ್ರೆಗೆ ಸೇರಿಸಿದರು, ಆಂಟಿಬಯಾಟಿಕ್ ಶುರುವಾಯಿತು. ನಾಲ್ಕು ದಿನವಾದರೂ ಜ್ವರ ಬಿಡಲಿಲ್ಲವೆಂದು ಫಂಗಸ್ ಔಷಧಿಯನ್ನೂ ಸೇರಿಸಿದರು. ಹೊಟ್ಟೆಯ ಸ್ಕ್ಯಾನ್ ಮಾಡಿಸಿದರು, ಅದರಲ್ಲಿ ಏನೂ ಕಾಣಲಿಲ್ಲ. ಆಮೇಲೆ ಕೌಂಟ್ ಏರಿತು. ಮನೆಯವರೆಲ್ಲ ಇನ್ನೇನು ಊರಿಗೆ ಹೊರಡೋಣವೆಂದು ಚೀಲ ಕಟ್ಟಿಕೊಂಡರು. ಆದರೆ ಜ್ವರ ಹೋಗಲೇ ಇಲ್ಲ, ಇಲ್ಲವೇ ಹೋದದ್ದು ಮರಳಿ ಬಂತು. ಸಂಜೆಯಾದರೆ ಮೈ ಬೆಚ್ಚಗಾಗುತ್ತದೆ, ಮಗು ಊಟ ಒಲ್ಲೆ ಎನ್ನುತ್ತದೆ, ಬಲಪಕ್ಕೆಯ ಕೆಳಗೆ ಒತ್ತಿದರೆ ಮುಖ ಕಿವುಚುತ್ತದೆ. ಉಳಿದಂತೆ ನೋಡಲು ಚೆನ್ನಾಗಿಯೇ ಇದೆ. ಆಗ ಅಪ್ಪ ಕೇಳುವ ಪ್ರಶ್ನೆ ಬಹುತೇಕ ಒಂದೇ: "ಸಾಹೇಬ್ರ, ಕೌಂಟ್ ಏರ್ಯಾದ ಅಂತೀರಿ, ಮತ್ತ ಜ್ವರಾ ಯಾಕ ಬಿಡವಲ್ದು?"

ಡಾಕ್ಟರು ಮತ್ತೊಮ್ಮೆ ಸ್ಕ್ಯಾನ್ ಬರೆದುಕೊಡುತ್ತಾರೆ. ಈ ಸಲ ಯಕೃತ್ತಿನಲ್ಲೂ ಗುಲ್ಮದಲ್ಲೂ ಸಣ್ಣ ಸಣ್ಣ ಚುಕ್ಕೆಗಳು, ಕೆಲವು ಮಿಲಿಮೀಟರಿನಿಂದ ಹಿಡಿದು ಎರಡು ಸೆಂಟಿಮೀಟರಿನವರೆಗೆ. "ಹೋದ ಸಲ ಇದ್ದಿಲ್ಲ, ಈಗ ಹೆಂಗ ಬಂತು? ಇವರು ಸರಿಯಾಗಿ ನೋಡೇ ಇಲ್ಲ" ಎಂಬ ಅನುಮಾನ ಹುಟ್ಟುವುದು ಸಹಜ. ನಿಜ ಸಂಗತಿ ಬೇರೆ. ಸ್ಕ್ಯಾನಿನಲ್ಲಿ ಕಾಣುವುದು ಫಂಗಸ್ಸೇ ಅಲ್ಲ, ಅದು ಅಷ್ಟು ದೊಡ್ಡದಿರುವುದಿಲ್ಲ. ಕಾಣುವುದು ಅದರ ಸುತ್ತ ಮುತ್ತಿಕೊಂಡ ಬಿಳಿ ಕಣಗಳ ಗುಂಪು. ಬಿಳಿ ಕಣಗಳೇ ಇಲ್ಲದಿದ್ದಾಗ ಮುತ್ತಿಗೆ ಹಾಕುವವರೂ ಇಲ್ಲ, ಹಾಗಾಗಿ ಚಿತ್ರದಲ್ಲಿ ಯಕೃತ್ತು ಸ್ವಚ್ಛವಾಗಿಯೇ ಕಾಣುತ್ತದೆ. ಕೌಂಟ್ ಏರಿದ ಮೇಲೆ ಕಣಗಳು ಹೋಗಿ ಸೇರಿದಾಗಲೇ ಚುಕ್ಕೆ ಮೂಡುವುದು. ಜ್ವರಕ್ಕೂ ಬಹುಪಾಲು ಇದೇ ಕಾರಣ. ಆದ್ದರಿಂದ ಮೊದಲ ಸ್ಕ್ಯಾನ್ ನಾರ್ಮಲ್ ಬಂದಿತ್ತು ಎಂಬ ಒಂದೇ ಕಾರಣಕ್ಕೆ ಎರಡನೆಯದು ಬೇಡವೆನ್ನಬೇಡಿ.

ಆ ರಿಪೋರ್ಟನ್ನೇ ಒಮ್ಮೆ ಹತ್ತಿರದಿಂದ ನೋಡಿ. "ಮಲ್ಟಿಪಲ್ ಸ್ಮಾಲ್ ಹೈಪೋಎಕೋಯಿಕ್ ಲೀಶನ್ಸ್" ಎಂದಿರುತ್ತದೆ, ಅಂದರೆ ಸುತ್ತಲಿನ ಯಕೃತ್ತಿಗಿಂತ ಕಪ್ಪಾಗಿ ಕಾಣುವ ಹಲವು ಸಣ್ಣ ಜಾಗಗಳು. ಕೆಲವೊಮ್ಮೆ ಕಪ್ಪು ಚುಕ್ಕೆಯ ನಡುವೆ ಬಿಳಿ ಬೊಟ್ಟು ಇರುತ್ತದೆ, ಅದನ್ನು "ಬುಲ್ಸ್ ಐ" ಎಂದು ಬರೆಯುತ್ತಾರೆ, ಅದು ಕ್ಯಾಂಡಿಡಾದ ಕಡೆ ಬೆರಳು ಮಾಡುವ ಗುರುತು. ಕೊನೆಯ ಸಾಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ "ಫಂಗಲ್", ಮತ್ತೊಂದು ಹಾಕಿ "ಇನ್‌ಫಿಲ್ಟ್ರೇಷನ್", ಇನ್ನೊಂದು ಹಾಕಿ "ಟಿಬಿ" ಎಂದು ಬರೆದಿರುತ್ತಾರೆ. ಎಷ್ಟೋ ಪೋಷಕರು ಇದನ್ನು ಮೊಬೈಲಿನಲ್ಲಿ ಹುಡುಕಿ, ಮಗುವಿಗೆ ಮೂರು ಕಾಯಿಲೆ ಒಟ್ಟಿಗೇ ಬಂದಿವೆ ಎಂದು ಅಳುತ್ತಾ ಬರುತ್ತಾರೆ. ಹಾಗಲ್ಲ. ಈ ಮೂರರಲ್ಲಿ ಯಾವುದೋ ಒಂದಿರಬಹುದು, ಚಿತ್ರವಷ್ಟನ್ನೇ ನೋಡಿ ತೀರ್ಮಾನ ಹೇಳಲಾಗದು ಎಂದು ರೇಡಿಯಾಲಜಿಸ್ಟ್ ಪ್ರಾಮಾಣಿಕವಾಗಿ ಬರೆದ ಮಾತು ಅದು. ಇನ್‌ಫಿಲ್ಟ್ರೇಷನ್ ಅಂದರೆ ಕ್ಯಾನ್ಸರಿನ ಕಣಗಳೇ ಯಕೃತ್ತಿನಲ್ಲಿ ಕೂತಿರುವುದು. ಚಿಕಿತ್ಸೆ ಮೂರಕ್ಕೂ ಬೇರೆಬೇರೆ, ಆದ್ದರಿಂದ ಇಲ್ಲಿ ಅವಸರ ಮಾಡುವಂತಿಲ್ಲ. ಸೋನೋಗ್ರಫಿಗಿಂತ ಸಿಟಿ, ಸಿಟಿಗಿಂತ ಎಂಆರ್‌ಐ ಸಣ್ಣ ಚುಕ್ಕೆಗಳನ್ನು ಚೆನ್ನಾಗಿ ತೋರಿಸುತ್ತದೆ. ಆದರೆ ಸಣ್ಣ ಮಗುವನ್ನು ಎಂಆರ್‌ಐ ಯಂತ್ರದೊಳಗೆ ಅಲುಗಾಡದಂತೆ ಮಲಗಿಸಲು ಅರಿವಳಿಕೆ ಬೇಕಾಗಬಹುದು. ಹಾಗಾಗಿ ಯಾವುದನ್ನು ಮಾಡಿಸಬೇಕೆಂಬುದು ಮಗುವನ್ನು ನೋಡಿ ಹೇಳುವ ಮಾತು.

ರಕ್ತಪರೀಕ್ಷೆಯಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬುದು ಏರಿರುವುದುಂಟು. ಬೆಳೆಯುವ ಮಕ್ಕಳಲ್ಲಿ ಮೂಳೆಯ ಕಾರಣದಿಂದ ಅದು ಹೇಗೂ ದೊಡ್ಡವರಿಗಿಂತ ಜಾಸ್ತಿ, ಒಂದೇ ಅಂಕಿ ನೋಡಿ ಹೆದರಬೇಕಿಲ್ಲ, ಹಿಂದಿನದಕ್ಕಿಂತ ಎಷ್ಟು ಏರಿದೆ ಎಂಬುದು ಮುಖ್ಯ. ಕಣ್ಣು ಹಳದಿಯಾಗಲೇಬೇಕೆಂದೇನೂ ಇಲ್ಲ, ಬಹಳ ಮಕ್ಕಳಲ್ಲಿ ಆಗುವುದಿಲ್ಲ. ಬ್ಲಡ್ ಕಲ್ಚರ್ "ನೋ ಗ್ರೋತ್" ಎಂದು ಬಂದರೆ ಫಂಗಸ್ ಇಲ್ಲವೆಂದು ಸಮಾಧಾನಪಡುವ ಹಾಗೂ ಇಲ್ಲ. ದೇಹದೊಳಗಿನ ಕ್ಯಾಂಡಿಡಾ ಸೋಂಕಿನಲ್ಲಿ ಸುಮಾರು ಅರ್ಧದಷ್ಟು ಸಲವಷ್ಟೇ ಅದು ಕಲ್ಚರಿನಲ್ಲಿ ಬೆಳೆಯುತ್ತದೆ. ಯಕೃತ್ತಿನಲ್ಲಿ ಅಡಗಿ ಕೂತ ಮೇಲಂತೂ ರಕ್ತದಲ್ಲಿ ಸಿಗುವುದು ಇನ್ನೂ ಕಡಿಮೆ. ಬೀಟಾ ಡಿ ಗ್ಲೂಕಾನ್ ಎಂಬ ಇನ್ನೊಂದು ರಕ್ತಪರೀಕ್ಷೆ ಇದೆ, ಫಂಗಸ್ಸಿನ ಹೊರಗೋಡೆಯ ಚೂರನ್ನು ಅದು ಹುಡುಕುತ್ತದೆ. ದುಬಾರಿ, ಎಲ್ಲ ಊರಲ್ಲೂ ಸಿಗದು, ಮಗುವಿಗೆ ಆಲ್ಬುಮಿನ್ ಅಥವಾ ಇಮ್ಯುನೋಗ್ಲಾಬ್ಯುಲಿನ್ ಏರಿಸಿದ್ದರೆ ಸುಳ್ಳು ಪಾಸಿಟಿವ್ ಕೂಡ ಬರಬಹುದು. ಸುಳಿವು ಸಿಗುತ್ತದೆ, ಸಾಕ್ಷಿ ಸಿಗುವುದಿಲ್ಲ.

ವಿಡಾಲ್ ಬಗ್ಗೆ ನನಗೊಂದು ತಕರಾರಿದೆ. ನಮ್ಮ ಕಡೆ ಜ್ವರ ಅಂದಕೂಡಲೇ ಈ ಪರೀಕ್ಷೆ, ಸ್ವಲ್ಪ ಪಾಸಿಟಿವ್ ಬಂದರೆ ಟೈಫಾಯ್ಡ್ ಎಂಬ ಹಣೆಪಟ್ಟಿ. ಟೈಫಾಯ್ಡ್ ಹರಡಿರುವ ಊರುಗಳಲ್ಲಿ ಆರೋಗ್ಯವಂತರ ರಕ್ತದಲ್ಲೂ ಅದು ಪಾಸಿಟಿವ್ ಬರಬಹುದು. ಕೀಮೋ ನಡೆಯುತ್ತಿರುವ ಮಗುವಿನಲ್ಲಿ ಅದನ್ನು ನಂಬಿ ದಿನ ಕಳೆಯುವುದು ನಷ್ಟವೇ. ಟಿಬಿ ಮಾತ್ರೆಯನ್ನು "ನೋಡೋಣ" ಎಂದು ಶುರುಮಾಡುವುದೂ ಹಾಗೆಯೇ: ಅವುಗಳಲ್ಲಿ ಕೆಲವು ಯಕೃತ್ತಿಗೇ ಭಾರ, ಮೇಲಾಗಿ ರಿಫಾಂಪಿಸಿನ್ ಎಂಬುದು ಫ್ಲುಕೊನಜೋಲ್ ಎಂಬ ಫಂಗಸ್ ಔಷಧಿಯ ಬಲ ತಗ್ಗಿಸುತ್ತದೆ. ನಿಜವಾಗಿ ಟಿಬಿ ಇದ್ದರೆ ಕೊಡಲೇಬೇಕು. ಇದೆಯೇ ಎಂದು ಮೊದಲು ನೋಡಬೇಕು, ಅಷ್ಟೆ.

ನೋಡುವ ದಾರಿ ಬಯಾಪ್ಸಿ. ಸ್ಕ್ಯಾನಿನಲ್ಲಿ ನೋಡುತ್ತಾ ತೆಳ್ಳನೆಯ ಸೂಜಿಯಿಂದ ಯಕೃತ್ತಿನ ದಾರದಂಥ ಚೂರನ್ನು ತೆಗೆಯುತ್ತಾರೆ. ಅದಕ್ಕೂ ಮೊದಲು ಪ್ಲೇಟ್‌ಲೆಟ್ ಸಾಮಾನ್ಯವಾಗಿ 50,000ಕ್ಕಿಂತ ಮೇಲಿರಬೇಕು, ಕಡಿಮೆಯಿದ್ದರೆ ಏರಿಸಿ ಮಾಡುತ್ತಾರೆ. ರಕ್ತ ಹೆಪ್ಪುಗಟ್ಟುವ ಪರೀಕ್ಷೆಯನ್ನೂ ನೋಡುತ್ತಾರೆ. ಮಗುವಿಗೆ ನೋವಾಗದಂತೆ ಮಂಪರು ಬರಿಸಿ ಮಾಡುವ ಕೆಲಸ. ಆಮೇಲೆ ಕೆಲವು ಗಂಟೆ ಅಲುಗಾಡದೆ ಮಲಗಬೇಕು, ನರ್ಸ್ ಬಂದು ಬಂದು ನಾಡಿ, ಬಿಪಿ ನೋಡುತ್ತಾರೆ. ರಕ್ತಸ್ರಾವದ ಅಪಾಯ ಸಣ್ಣದು, ಆದರೆ ಇದೆ, ಅದಕ್ಕೇ ಈ ಕಾವಲು.

ಇಲ್ಲೊಂದು ಸಣ್ಣ ವಿಷಯ, ಆದರೆ ಇದರ ಮೇಲೆಯೇ ಪರೀಕ್ಷೆ ನಿಂತಿದೆ. ತೆಗೆದ ಚೂರು ಎರಡು ಬಾಟಲಿಗಳಿಗೆ ಹೋಗಬೇಕು. ಒಂದರಲ್ಲಿ ಫಾರ್ಮಲಿನ್: ಅದು ಪೆಥಾಲಜಿಗೆ, ಅಲ್ಲಿ ಪಿಎಎಸ್ ಮತ್ತು ಸಿಲ್ವರ್ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಫಂಗಸ್ಸಿನ ದುಂಡು ಕಣ, ಎಳೆಗಳನ್ನು ಹುಡುಕುತ್ತಾರೆ. ಇನ್ನೊಂದರಲ್ಲಿ ಬರೀ ಸ್ಟೆರೈಲ್ ಸಲೈನ್: ಅದು ಮೈಕ್ರೋಬಯಾಲಜಿಗೆ, ಅಲ್ಲಿ ಫಂಗಸ್ಸನ್ನೂ ಟಿಬಿಯನ್ನೂ ಬೆಳೆಸಿ ನೋಡುತ್ತಾರೆ. ಫಾರ್ಮಲಿನ್ನಿಗೆ ಬಿದ್ದ ಚೂರಿನಲ್ಲಿ ಏನೂ ಬೆಳೆಯದು, ಅದು ಎಲ್ಲವನ್ನೂ ಕೊಂದುಬಿಡುತ್ತದೆ. ಎಷ್ಟೋ ಕಡೆ ಬಾಟಲಿಯನ್ನು ಲ್ಯಾಬಿಗೆ ಒಯ್ಯುವ ಕೆಲಸ ತಂದೆಯ ಪಾಲಿಗೇ ಬರುತ್ತದೆ. "ಕಲ್ಚರಿಗೆ ಬೇರೆ ಬಾಟಲಿ ಅದ ಏನ್ರಿ?" ಎಂದು ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಮಾಡಿಕೊಂಡರೂ ಕೇಳಿ.

ಬಯಾಪ್ಸಿಯಲ್ಲಿ ಏನೂ ಸಿಗದೆಯೂ ಹೋಗಬಹುದು. ಇಂಡಿಯ ನಿಂಬೆ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಅಲ್ಲೊಂದು ಇಲ್ಲೊಂದು ಗಿಡಕ್ಕೆ ರೋಗ ಬಿದ್ದಿರುವಾಗ ಚೆನ್ನಾಗಿರುವ ಗಿಡದ ಎಲೆ ಕಿತ್ತು ತೋರಿಸಿದರೆ ತೋಟಕ್ಕೆ ರೋಗವೇ ಇಲ್ಲವೆಂದು ಆಗುವುದಿಲ್ಲ. ಸೂಜಿ ಚುಕ್ಕೆಯ ಪಕ್ಕ ಹೋಗಿರಬಹುದು, ಅಥವಾ ಮೊದಲೇ ಕೊಟ್ಟ ಔಷಧಿಯಿಂದ ಫಂಗಸ್ ಕರಗಿ ಬರೀ ಉರಿಯೂತ ಉಳಿದಿರಬಹುದು. ಆಗ ಡಾಕ್ಟರು ಜ್ವರದ ಕಾಲ, ಕೌಂಟಿನ ಏರಿಳಿತ, ಸ್ಕ್ಯಾನಿನ ಚಿತ್ರ ಮೂರನ್ನೂ ಜೋಡಿಸಿ "ಇದು ಫಂಗಸ್ಸೇ ಇರಬೇಕು" ಎಂಬ ತೀರ್ಮಾನಕ್ಕೆ ಬಂದು ಚಿಕಿತ್ಸೆ ನಡೆಸುತ್ತಾರೆ. ಬಯಾಪ್ಸಿ ಮಾಡುವ ಸ್ಥಿತಿಯಲ್ಲೇ ಮಗು ಇಲ್ಲದಿದ್ದರೂ ಹೀಗೆಯೇ. ಇದು ಊಹೆಯ ಮೇಲೆ ಕತ್ತಲಲ್ಲಿ ಕಲ್ಲು ಹೊಡೆಯುವುದಲ್ಲ, ಜಗತ್ತಿನೆಲ್ಲೆಡೆ ನಡೆಯುವ ಕ್ರಮ.

"ಶೇಂಗಾ ಹಿಂಡಿ ತಿನ್ಸಿದ್ದಕ್ಕ ಹಿಂಗಾತೇನ್ರಿ?" ಎಂದು ತಾಯಂದಿರು ಕೇಳುತ್ತಾರೆ. ಹಿತ್ತಲಿನ ಮಾತಲ್ಲ ಇದು, ಇದರ ಹಿಂದೆ ನಿಜವಾದ ಇತಿಹಾಸವಿದೆ. ಹಸಿಯಾಗಿಯೇ ಕೂಡಿಟ್ಟ ಶೇಂಗಾ, ಗೋವಿನಜೋಳದಲ್ಲಿ ಆಸ್ಪರ್‌ಜಿಲಸ್ ಎಂಬ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಅದು ನೇರವಾಗಿ ಯಕೃತ್ತಿಗೇ ಹೊಡೆತ. ಮೈಸೂರಿನಲ್ಲಿ ಅಪೌಷ್ಟಿಕತೆಯಿಂದ ನರಳುತ್ತಿದ್ದ ಮಕ್ಕಳಿಗೆ ಪೌಷ್ಟಿಕ ಆಹಾರವೆಂದು ಕೊಟ್ಟ ಶೇಂಗಾ ಹಿಟ್ಟಿನಲ್ಲಿ ಈ ವಿಷ ಸೇರಿಕೊಂಡಿದ್ದನ್ನೂ, ಮುಂದೆ ಆ ಮಕ್ಕಳ ಯಕೃತ್ತು ಗಟ್ಟಿಯಾಗುತ್ತಾ ಹೋದದ್ದನ್ನೂ ಅಲ್ಲಿಯ ವೈದ್ಯರೂ ವಿಜ್ಞಾನಿಗಳೂ 1971ರಲ್ಲಿ ವರದಿ ಮಾಡಿದರು. ಮೂರು ವರ್ಷದ ನಂತರ, 1974ರಲ್ಲಿ, ರಾಜಸ್ಥಾನದ ಬಾಂಸವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಗೋವಿನಜೋಳ ತಿಂದು 106 ಜನ ತೀರಿಕೊಂಡರು. ಆದರೆ ಅದು ವಿಷದ ಕತೆ. ಅಲ್ಲಿ ಫಂಗಸ್ ಕಾಳಿನಲ್ಲಿ ಬೆಳೆದಿತ್ತು, ದೇಹದೊಳಗಲ್ಲ. ನಿಮ್ಮ ಮಗುವಿನ ಯಕೃತ್ತಿನಲ್ಲಿ ಇರುವುದು ಅದರ ಕರುಳಿನಲ್ಲೇ ಇದ್ದ ಕ್ಯಾಂಡಿಡಾ. ನೀವು ಮಾಡಿದ ಶೇಂಗಾ ಹಿಂಡಿಯದು ಇದರಲ್ಲಿ ತಪ್ಪಿಲ್ಲ, ನಿಮ್ಮದೂ ಇಲ್ಲ. ಹಾಗೆಂದು ಕರಿಬಣ್ಣಕ್ಕೆ ತಿರುಗಿದ, ಸುಕ್ಕುಗಟ್ಟಿದ, ಕಹಿ ಬಂದ ಕಾಳನ್ನು ಆರಿಸಿ ಎಸೆಯುವುದನ್ನು ಬಿಡಬೇಡಿ. ಹುರಿದರೂ ಕುದಿಸಿದರೂ ಆ ವಿಷ ಪೂರ್ತಿ ಹೋಗುವುದಿಲ್ಲ.

ಮನೆಯವರ ಕೈಯಿಂದ ನಿಜವಾಗಿಯೂ ಅಪಾಯವಾಗುವುದು ಬೇರೆ ಎರಡು ಕಡೆ. ಒಂದು, ಲಿವರ್ ಎಂಬ ಮಾತು ಕೇಳಿದೊಡನೆ ಹಿರಿಯರು ಕಾಮಣಿ ಔಷಧಿಗೆ ಹೊರಡುವುದು. ಪ್ಲೇಟ್‌ಲೆಟ್ ಕಡಿಮೆಯಿರುವ ಮಗುವಿನ ಮೂಗಿಗೆ ಸೊಪ್ಪಿನ ರಸ ಬಿಟ್ಟರೆ ನಿಲ್ಲದಂತೆ ರಕ್ತ ಸುರಿಯಬಹುದು. ಬರೆ ಹಾಕಿದರೆ ಆ ಗಾಯವೇ ಸೋಂಕಿಗೆ ಬಾಗಿಲು. ಹಸಿ ಸೊಪ್ಪು ಅರೆದು ಕುಡಿಸುವುದೂ ಕೌಂಟ್ ಬಿದ್ದ ಮಗುವಿಗೆ ಸಲ್ಲದು. ಅಜ್ಜಿಯ ಮೇಲೆ ಸಿಟ್ಟು ಮಾಡಬೇಡಿ, ಡಾಕ್ಟರ ಎದುರಿಗೇ ಕರೆತಂದು ಕೂರಿಸಿ, ಅವರ ಬಾಯಿಂದಲೇ ಕೇಳಲಿ.

ಎರಡನೆಯದು ಯಾರೂ ಅನುಮಾನಪಡದ ಸಂಗತಿ: ಗಜಕರ್ಣಕ್ಕೆಂದು ಮೆಡಿಕಲ್ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಇಟ್ರಾಕೊನಜೋಲ್ ಕ್ಯಾಪ್ಸೂಲು. ಮನೆಯಲ್ಲಿ ದೊಡ್ಡವರು ತಿನ್ನುತ್ತಿರುತ್ತಾರೆ, "ಅದೂ ಫಂಗಸ್ ಔಷಧಿ, ಇದೂ ಫಂಗಸ್, ಒಂದು ಕೊಡೋಣ" ಎನ್ನಿಸಬಹುದು. ಕೊಡಕೂಡದು. ಮಗುವಿಗೆ ವಾರವಾರ ಕೊಡುವ ವಿನ್‌ಕ್ರಿಸ್ಟೀನ್ ದೇಹದಿಂದ ಹೊರಹೋಗದಂತೆ ಅದು ತಡೆಯುತ್ತದೆ. ಆಗ ವಿನ್‌ಕ್ರಿಸ್ಟೀನೇ ವಿಷವಾಗಿ ಮಲ ಕಟ್ಟಿ ಹೊಟ್ಟೆ ಉಬ್ಬಬಹುದು, ಪಾದ ಎತ್ತಲಾಗದೆ ಮಗು ಎಡವಬಹುದು, ಫಿಟ್ಸ್ ಕೂಡ ಬರಬಹುದು. ಇದೇ ಗುಂಪಿನ ಬೇರೆ ಮಾತ್ರೆಗಳಿಗೂ ಹೆಚ್ಚುಕಡಿಮೆ ಇದೇ ಗುಣವಿದೆ. ಕ್ಯಾನ್ಸರ್ ಡಾಕ್ಟರು ಫ್ಲುಕೊನಜೋಲ್ ಬರೆದರೂ ವಿನ್‌ಕ್ರಿಸ್ಟೀನಿನ ದಿನ ನೋಡಿಕೊಂಡೇ ಬರೆಯುತ್ತಾರೆ. ಬೇರೆ ಯಾವ ಡಾಕ್ಟರು ಏನೇ ಬರೆದುಕೊಟ್ಟರೂ ಮೊದಲ ಡೋಸಿಗೆ ಮುಂಚೆ ಅವರಿಗೊಂದು ಫೋನು ಮಾಡಿ.

ಚಿಕಿತ್ಸೆ ದೀರ್ಘ. ಮೊದಲ ಕೆಲವು ವಾರ ರಕ್ತನಾಳಕ್ಕೆ ಕೊಡುವ ಔಷಧಿ: ಲಿಪೋಸೋಮಲ್ ಆಂಫೋಟೆರಿಸಿನ್ ಬಿ, ಇಲ್ಲವೇ ಕ್ಯಾಸ್ಪೊಫಂಜಿನ್, ಮೈಕಾಫಂಜಿನ್. ಆಂಫೋಟೆರಿಸಿನ್ ನಡೆಯುವಾಗ ಚಳಿನಡುಕ ಬರಬಹುದು, ರಕ್ತದ ಪೊಟ್ಯಾಸಿಯಂ ಇಳಿಯಬಹುದು, ಮೂತ್ರಪಿಂಡಕ್ಕೆ ತೊಂದರೆಯಾಗಬಹುದು, ಅದಕ್ಕೇ ಮತ್ತೆ ಮತ್ತೆ ರಕ್ತ ತೆಗೆಯುವುದು. ಈ ಔಷಧಿಯ ಹಳೆಯ, ಅಗ್ಗದ ಬಗೆಯೂ ಇದೆ, ಅದರ ಡೋಸು ಲಿಪೋಸೋಮಲ್ ಬಗೆಗಿಂತ ತುಂಬಾ ಕಡಿಮೆ. ಒಂದರ ಬದಲು ಇನ್ನೊಂದು ಅದೇ ಅಳತೆಯಲ್ಲಿ ಹೋದರೆ ಅನಾಹುತ. ಹೊರಗಿನಿಂದ ತರಿಸಿದರೆ ಚೀಟಿಯಲ್ಲಿ "ಲಿಪೋಸೋಮಲ್" ಎಂದಿದೆಯೇ, ಪೆಟ್ಟಿಗೆಯ ಮೇಲೂ ಅದೇ ಇದೆಯೇ ಎಂದು ನೋಡಿ ನರ್ಸಿಗೆ ತೋರಿಸಿ. ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಅದನ್ನು ಬೈಕಿನ ಡಿಕ್ಕಿಯಲ್ಲಿ ತರುವಂತಿಲ್ಲ, ಐಸ್ ಪ್ಯಾಕ್ ಕೇಳಿ ಪಡೆಯಿರಿ.

ಜ್ವರ ಇಳಿದು ಮಗು ಚೇತರಿಸಿಕೊಂಡ ಮೇಲೆ, ಬೆಳೆದ ಫಂಗಸ್ಸಿಗೆ ಅದು ನಾಟುವಂತಿದ್ದರೆ, ಫ್ಲುಕೊನಜೋಲ್‌ಗೆ ಬದಲಾಯಿಸುತ್ತಾರೆ. ಚುಕ್ಕೆಗಳು ಮಾಯುವವರೆಗೂ, ಅಂದರೆ ಸಾಮಾನ್ಯವಾಗಿ ತಿಂಗಳುಗಟ್ಟಲೆ, ನುಂಗಬೇಕು. ಔಷಧಿ ಸರಿಯಾಗಿ ನಡೆಯುತ್ತಿದ್ದರೂ ಮೊದಲ ವಾರಗಳಲ್ಲಿ ಜ್ವರ ಹಟ ಹಿಡಿಯುವುದುಂಟು, ಕೆಲವರಿಗೆ ಅದಕ್ಕಾಗಿಯೇ ಸ್ವಲ್ಪ ದಿನ ಸ್ಟೀರಾಯ್ಡ್ ಕೊಡುತ್ತಾರೆ. ಫಂಗಸ್ ಬಂತೆಂದು ಕ್ಯಾನ್ಸರಿನ ಚಿಕಿತ್ಸೆ ಅಲ್ಲಿಗೇ ನಿಲ್ಲುವುದಿಲ್ಲ. ಸೋಂಕು ಹತೋಟಿಗೆ ಬಂದ ಮೇಲೆ, ಫಂಗಸ್ ಔಷಧಿಯ ಕಾವಲಿನಲ್ಲೇ ಮುಂದಿನ ಕೀಮೋ ಶುರುಮಾಡುತ್ತಾರೆ. ಹೆಚ್ಚು ದಿನ ತಡೆದರೆ ಮೂಲ ಕಾಯಿಲೆ ಮರುಕಳಿಸುವ ಭಯ.

ಬೆಂಗಳೂರು ನಮ್ಮಿಂದ ಐನೂರು ಕಿಲೋಮೀಟರಿಗೂ ಆಚೆ. ಥರ್ಮಾಮೀಟರ್ 100.4 ತೋರಿಸಿದ ರಾತ್ರಿ ರೈಲು ಹುಡುಕಬೇಡಿ. ಕೌಂಟ್ ಬಿದ್ದ ಮಗುವಿಗೆ ಜ್ವರ ಬಂದರೆ ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಹೋಗಬೇಕು. ಆದ್ದರಿಂದ ಹತ್ತಿರದ ದೊಡ್ಡ ಆಸ್ಪತ್ರೆಯೇ ಮೊದಲು, ಅಲ್ಲಿಂದ ನಿಮ್ಮ ಕ್ಯಾನ್ಸರ್ ವಾರ್ಡಿಗೆ ಫೋನು. ಕೀಮೋ ಮುಗಿಸಿ ಊರಿಗೆ ಹೊರಡುವಾಗಲೇ ವಾರ್ಡಿನ ನಂಬರು, ಮಗುವಿನ ಕಾಯಿಲೆ, ಕೊಟ್ಟ ಔಷಧಿ, ಜ್ವರ ಬಂದರೆ ಯಾವ ಇಂಜೆಕ್ಷನ್ ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಜ್ವರ ನೋಡದೆ ಪ್ಯಾರಸಿಟಮಾಲ್ ಕೊಟ್ಟು ಮುಚ್ಚಬೇಡಿ, ಗುದದ್ವಾರದಲ್ಲಿ ಥರ್ಮಾಮೀಟರ್ ಇಡಬೇಡಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಫಂಗಸ್ ಔಷಧಿ ಅದರಲ್ಲಿ ಹೇಗೆ ಸೇರುತ್ತದೆ ಎಂದು ದಾಖಲಾದ ದಿನವೇ ಆರೋಗ್ಯಮಿತ್ರರನ್ನು ಕೇಳಿ, ಬಿಲ್ಲು ಬೆಳೆದ ಮೇಲಲ್ಲ.

ಮಾತ್ರೆಯ ತಿಂಗಳುಗಳಲ್ಲಿ ಪ್ರತಿ ಸಲವೂ ಬೆಂಗಳೂರಿಗೇ ಹೋಗಿ ಸ್ಕ್ಯಾನ್ ಮಾಡಿಸಬೇಕೆಂದಿಲ್ಲ, ಹೊಟ್ಟೆಯ ಸೋನೋಗ್ರಫಿ ವಿಜಯಪುರದಲ್ಲೇ ಆಗುತ್ತದೆ. ಆದಷ್ಟು ಒಂದೇ ಸೆಂಟರಿನಲ್ಲಿ ಮಾಡಿಸಿ, ಹಿಂದಿನ ಫಿಲ್ಮು, ಸಿಡಿ ಎರಡನ್ನೂ ಒಯ್ಯಿರಿ, ರೇಡಿಯಾಲಜಿಸ್ಟ್ ಹೋಲಿಸಿ ನೋಡಬೇಕಾದದ್ದು ಅದರೊಡನೆಯೇ. ಕೆಲವು ಚುಕ್ಕೆಗಳು ಮಾಯ್ದ ಮೇಲೂ ಸುಣ್ಣದ ಕಲೆಯಾಗಿ ವರ್ಷಗಟ್ಟಲೆ ಉಳಿಯುತ್ತವೆ. ರಿಪೋರ್ಟಿನಲ್ಲಿ "ಕ್ಯಾಲ್ಸಿಫಿಕೇಷನ್" ಎಂದು ಕಂಡರೆ ಅದು ಹಳೆಯ ಗಾಯದ ಗುರುತು, ಮಾತ್ರೆ ನಿಲ್ಲಿಸಬಹುದೇ ಎಂದು ಡಾಕ್ಟರನ್ನು ಕೇಳುವ ಹೊತ್ತು.